ನೇವಿ ಬಿಟ್ಟ ಮೇಲೆ ಸ್ವಂತವಾಗಿ ಬೋಟ್ ಎಲೆಕ್ಟ್ರಿಷಿಯನ್ ಕೆಲಸ: ನಡೆಯುತ್ತಾ?

ಕುಮಟಾ ಕಡೆಯವ:
ಎಲ್ಲರಿಗೂ ನಮಸ್ಕಾರ. ನಾನು ನೇವಿಯಲ್ಲಿ ಎಲೆಕ್ಟ್ರಿಕಲ್ ಮೆಕ್ಯಾನಿಕ್, ಪವರ್ ಕಡೆಯವನು. ಚಿಲ್ಕಾದಲ್ಲಿ ಬೇಸಿಕ್ ಟ್ರೇನಿಂಗ್, ಜಾಮ್‌ನಗರದ ವಲ್ಸುರಾದಲ್ಲಿ ಟ್ರೇಡ್ ಟ್ರೇನಿಂಗ್, ಆಮೇಲೆ ಪೂರ್ತಿ ಹಡಗು. 15 ವರ್ಷ ಮುಂದಿನ ವರ್ಷಕ್ಕೆ ತುಂಬುತ್ತದೆ. ಎಕ್ಸ್‌ಟೆನ್ಷನ್ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಮನೆಯಲ್ಲಿ ಎಲ್ಲರೂ ಬ್ಯಾಂಕಿಗೆ ಹಾಕು, ಕೆಪಿಟಿಸಿಎಲ್‌ಗೆ ಹಾಕು, ಮಾಜಿ ಸೈನಿಕರ ಕೋಟಾ ಉಂಟಲ್ಲ ಅಂತ ಹೇಳುತ್ತಿದ್ದಾರೆ. ನನಗೆ ಮಾತ್ರ ಕಾರವಾರದಿಂದ ಮಲ್ಪೆವರೆಗೆ ಬೋಟಿನ ಕರೆಂಟ್ ಕೆಲಸ ಸ್ವಂತ ಹಿಡಿಯಬೇಕು ಅಂತ ಆಸೆ. ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಎಲ್ಲಾ ಬಂದರೂ ಬೈಕಿನಲ್ಲಿ ಹೋಗಿಬರುವ ದೂರ.

ಪೆನ್ಷನ್ ಬರುತ್ತದೆ, ಹಾಗಾಗಿ ಊಟಕ್ಕೆ ಹೆದರಿಕೆ ಇಲ್ಲ. ಜನರೇಟರ್, ಸ್ವಿಚ್‌ಬೋರ್ಡ್, ಮೋಟಾರ್ ಸ್ಟಾರ್ಟರ್ ಚೆನ್ನಾಗಿ ಗೊತ್ತು. ಆದರೆ ಮೀನಿನ ಬೋಟಿನೊಳಗೆ ಕೆಲಸ ಮಾಡಿದ್ದು ಕಮ್ಮಿ. ವರ್ಷವಿಡೀ ಕೆಲಸ ಸಿಗುತ್ತಾ? ಲೈಸೆನ್ಸ್ ಬೇಕಾ? ರೇಟ್ ಹೇಗೆ ಹೇಳೋದು? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹಳೆ ಚೀಫ್:
ಮಾಡುತ್ತಿರುವವನು ನಾನಿದ್ದೇನೆ. ನೇವಿಯಲ್ಲಿ ಆರ್ಟಿಫಿಸರ್, ಅಂದರೆ ತಾಂತ್ರಿಕ ನಾವಿಕ ಆಗಿದ್ದೆ, ಚೀಫ್ ರ‍್ಯಾಂಕಿನಲ್ಲಿ ಹೊರಬಂದೆ. ಈಗ ಮಲ್ಪೆಯಲ್ಲಿದ್ದೇನೆ.

ಮೊದಲು ಒಂದು ವಿಷಯ. ನಿಮಗೆ ಕೆಲಸ ಬರುತ್ತೆ, ಅದರಲ್ಲಿ ಡೌಟ್ ಇಲ್ಲ. ಆದರೆ ನೇವಿಯಲ್ಲಿ ನಮ್ಮ ಬೆನ್ನಿಗೆ ಎಷ್ಟು ಜನ ಇರುತ್ತಾರೆ ಅನ್ನೋದು ಅಲ್ಲಿದ್ದಾಗ ಗೊತ್ತಾಗಲ್ಲ. ಡ್ರಾಯಿಂಗ್ ಉಂಟು, ಸ್ಟೋರ್ ಉಂಟು, ಫ್ಯೂಸ್ ಬೇಕು ಅಂದರೆ ಅದೇ ಪಾರ್ಟ್ ನಂಬರಿನ ಫ್ಯೂಸ್ ಬರುತ್ತದೆ, ನಿಮ್ಮ ಕೈಲಿ ಆಗದಿದ್ದರೆ ಡಾಕ್‌ಯಾರ್ಡ್‌ನವರು ಬರುತ್ತಾರೆ, ಕೆಲಸ ತಡವಾದರೆ ಬೈಗುಳ ತಿನ್ನೋದಕ್ಕೆ ಮೇಲೊಬ್ಬ ಆಫೀಸರ್ ಇರುತ್ತಾರೆ. ಇಲ್ಲಿ ಅದ್ಯಾವುದೂ ಇಲ್ಲ. ಬೋಟಿನ ವೈರಿಂಗ್ ಡ್ರಾಯಿಂಗ್ ಅಂತ ಇರೋದು ತಂಡೇಲನ, ಅಂದರೆ ಬೋಟ್ ನಡೆಸುವವನ ತಲೆಯೊಳಗೆ ಮಾತ್ರ. ಅದೂ ಅರ್ಧ, ಉಳಿದರ್ಧ ಹೋದ ವರ್ಷ ಕೆಲಸ ಬಿಟ್ಟು ಹೋದ ಕಲಾಸಿಗೆ (ಬೋಟಿನ ಕೆಲಸದಾಳು) ಗೊತ್ತಿತ್ತು!

ವರ್ಷವಿಡೀ ಕೆಲಸ ಅಂತ ಕೇಳಿದಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅಂದರೆ ರಜೆ, ಒಟ್ಟು 61 ದಿನ. ನಮಗೆ ನಿಜವಾದ ಸೀಸನ್ ಅದೇ. ಬೋಟ್ ದಡದಲ್ಲಿರುತ್ತದೆ, ಪೇಂಟ್, ಇಂಜಿನ್, ಬಲೆ, ವೈರಿಂಗ್ ಎಲ್ಲಾ ಒಟ್ಟಿಗೆ. ಮೇಲಿಂದ ಕರಾವಳಿಯ ಮಳೆ. ಜೂನಿನಲ್ಲಿ ಯಾರೂ ಅರ್ಜೆಂಟ್ ಅನ್ನಲ್ಲ, ಜುಲೈ ಕೊನೇ ವಾರ ಬಂತೆಂದರೆ ಎಲ್ಲರಿಗೂ ನಾಳೆಯೇ ಬೇಕು. ಉಳಿದ ಹತ್ತು ತಿಂಗಳು ಬ್ರೇಕ್‌ಡೌನ್ ಕೆಲಸ. ರಾತ್ರಿ ಬೋಟ್ ಒಳಗೆ ಬರುತ್ತೆ, ಮೀನು ಇಳಿಸುವಷ್ಟರಲ್ಲಿ ರಿಪೇರಿ ಆಗಬೇಕು, ಐಸ್ ತುಂಬಿ ವಾಪಸ್ ಹೋಗುತ್ತೆ. ನಿದ್ದೆ ಗಟ್ಟಿ ಇರೋರಿಗೆ ಆಗಿಬರಲ್ಲ.

ಬೋಟ್ ಓನರ್ ಮಗ:
ಚೀಫ್ ಹೇಳಿದ್ದು ಸರಿ. ನಮ್ಮದು ಎರಡು ಆಳಸಮುದ್ರ ಬೋಟ್. ಓನರ್ ಕಡೆಯಿಂದ ನಾನೊಂದು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ನೇವಿಯಿಂದ ಬಂದವರ ಕೆಲಸ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವರು ಬಂದ ಕೂಡಲೇ "ಇದೆಲ್ಲ ತಪ್ಪು, ಪೂರ್ತಿ ಕಿತ್ತು ಹೊಸದು ಹಾಕಬೇಕು" ಅಂತಾರೆ. ನಮಗೆ ನಾಳೆ ಬೆಳಿಗ್ಗೆ ಬೋಟ್ ಹೋಗಬೇಕು. ಡೀಸೆಲ್ ಹಾಕಿ ಆಗಿದೆ, ಐಸ್ ತುಂಬಿ ಆಗಿದೆ, ಮೂವತ್ತು ಸಾವಿರಕ್ಕೆ ಕೇಬಲ್ ತನ್ನಿ ಅಂದರೆ ಎಂತ ಮಾಡೋದು? ವೈರ್‌ಲೆಸ್ ಮಾತಾಡಬೇಕು, ಫಿಶ್ ಫೈಂಡರ್ ಬರಬೇಕು, ಇಂಜಿನ್ ಸ್ಟಾರ್ಟ್ ಆಗಬೇಕು. ಉಳಿದದ್ದು ರಜೆಯಲ್ಲಿ.

ಹಳೆ ಚೀಫ್:
ನಿಮ್ಮ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ವೈರ್‌ಲೆಸ್ ಅಂದಿರಲ್ಲ, ಅದನ್ನೇ ತಗೊಳ್ಳಿ. "ಕೇಳುತ್ತದೆ, ಮಾತಾಡಲು ಬಟನ್ ಒತ್ತಿದರೆ ಆಫ್ ಆಗುತ್ತದೆ" ಅನ್ನೋ ಕಂಪ್ಲೇಂಟ್ ಪ್ರತಿ ಸೀಸನ್ನಿನಲ್ಲೂ ಬರುತ್ತೆ. ಸೆಟ್ ಹೋಗಿದೆ ಅಂತ ಹೊಸ ಸೆಟ್ ತಂದವರೂ ಇದ್ದಾರೆ. ಸೆಟ್ಟಿಗೆ ಏನೂ ಆಗಿರಲ್ಲ. 25 ವ್ಯಾಟ್‌ನ ವಿಎಚ್‌ಎಫ್ ವೈರ್‌ಲೆಸ್ ಸೆಟ್ ಮಾತಾಡುವಾಗ ಹತ್ತಿರ ಹತ್ತಿರ 6 ಆಂಪಿಯರ್ ಎಳೆಯುತ್ತೆ. ಇಂಜಿನ್ ರೂಮಿನ ಬ್ಯಾಟರಿಯಿಂದ ವೀಲ್‌ಹೌಸ್‌ಗೆ 10 ಮೀಟರ್ ಅಂದರೆ ಹೋಗಿ ಬರೋದು 20 ಮೀಟರ್. ಮನೆಗೆ ಹಾಕುವ ಒಂದೂವರೆ ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಹೋಯಿತು. 12 ಇದ್ದದ್ದು ಹತ್ತೂವರೆ. ಜಾಯಿಂಟ್ ಹಸಿರುಗಟ್ಟಿದ್ದರೆ ಇನ್ನೂ ಕಮ್ಮಿ. ಅದೇ 6 ಸ್ಕ್ವೇರ್ ಹಾಕಿದರೆ ಅರ್ಧ ವೋಲ್ಟಿನ ಒಳಗೇ ನಿಲ್ಲುತ್ತದೆ. ನಡು ಸಮುದ್ರದಲ್ಲಿ ನೀರು ಒಳಗೆ ಬರುವಾಗ ಸಹಾಯ ಕರೆಯೋದು ಇದೇ ವೈರಿನಿಂದ. ಇದು ರಜೆವರೆಗೆ ಕಾಯುವ ಕೆಲಸ ಅಲ್ಲ.

ಕುಮಟಾದವರೇ, ನೀವು ಕಲಿಯಬೇಕಾದ್ದು ಇದು. ನಾವು ಪವರ್ ಕಡೆಯವರು 440 ವೋಲ್ಟ್ ನೋಡಿ ಬೆಳೆದವರು, 12 ವೋಲ್ಟ್ ಅಂದರೆ ಆಟದ ಸಾಮಾನು ಅಂತ ಒಳಗೊಳಗೇ ಒಂದು ಸಸಾರ ಇರುತ್ತೆ. ಬೋಟಿನಲ್ಲಿ ಅದೇ ಎಲ್ಲಾ. ಕಮ್ಮಿ ವೋಲ್ಟು ಅಂದರೆ ಜಾಸ್ತಿ ಆಂಪಿಯರ್, ಬೆಂಕಿ ಹತ್ತೋದು ಅಲ್ಲಿಂದಲೇ.

ಗಲ್ಫ್ ವೈರಿಂಗ್:
ನಾನು ದುಬೈಯಲ್ಲಿ ಯಾಟ್ ಕೆಲಸದಲ್ಲಿದ್ದೇನೆ, ಊರು ಬೈಂದೂರು ಕಡೆ. ಇಲ್ಲಿ ತವರ ಲೇಪ ಇರುವ ತಾಮ್ರದ ಕೇಬಲ್ ಬಿಟ್ಟು ಬೇರೆ ಹಾಕಿದರೆ ಸರ್ವೇಯರ್ ಒಪ್ಪೋದೇ ಇಲ್ಲ. ಬ್ಯಾಟರಿ ಪಾಸಿಟಿವ್‌ನಿಂದ 7 ಇಂಚಿನೊಳಗೆ ಫ್ಯೂಸ್ ಬರಬೇಕು ಅನ್ನೋ ಅಮೆರಿಕದ ನಿಯಮ ಹಿಡಿದೇ ಸುಮಾರು ಜನ ನೋಡುತ್ತಾರೆ. ಊರಿಗೆ ಬಂದಾಗ ಮಾವನ ಬೋಟ್ ಹತ್ತಿ ನೋಡಿದೆ. ಬ್ಯಾಟರಿ ಪಕ್ಕ ಫ್ಯೂಸೇ ಇಲ್ಲ. ವೈರ್ ಜಾಯಿಂಟಿಗೆ ಇನ್ಸುಲೇಷನ್ ಟೇಪ್, ಅದರ ಮೇಲೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಬಲೆ ಹೊಲಿಯುವ ನೂಲು. ಗಂಟು ಮಾತ್ರ ಬಹಳ ಚೆನ್ನಾಗಿತ್ತು 😄

ಅಂದ ಹಾಗೆ, ಇಲ್ಲಿಗೆ ಬಂದು ಸ್ವಂತ ಮಾಡೋಣ ಅಂದುಕೊಳ್ಳಬೇಡಿ. ಟ್ರೇಡ್ ಲೈಸೆನ್ಸ್ ಇಲ್ಲದೆ ಒಂದು ಬಲ್ಬ್ ಬದಲಿಸಿ ಬಿಲ್ ಮಾಡೋಕೂ ಆಗಲ್ಲ.

ಕುಮಟಾ ಕಡೆಯವ:
ಬಹಳ ಥ್ಯಾಂಕ್ಸ್. ಚೀಫ್, 24 ವೋಲ್ಟ್ ಬೋಟಿನಲ್ಲಿ 12 ವೋಲ್ಟ್ ಸೆಟ್ಟಿಗೆ ಸಪ್ಲೈ ಎಲ್ಲಿಂದ ಕೊಡುತ್ತಾರೆ? ತದಡಿಯಲ್ಲಿ ಒಂದು ಬೋಟ್ ನೋಡಿದೆ, ಎರಡು ಬ್ಯಾಟರಿ ಸೀರೀಸ್, ನಡುವಿನಿಂದ ಒಂದು ವೈರ್ ಮೇಲೆ ಹೋಗಿತ್ತು.

ಹಳೆ ಚೀಫ್:
ಹಾ, ಅದೇ. "ನಡುವಿನಿಂದ ಹನ್ನೆರಡು". ಇಡೀ ಕರಾವಳಿಯಲ್ಲಿ ಬ್ಯಾಟರಿ ಅಂಗಡಿಗಳನ್ನು ಸಾಕುತ್ತಿರುವುದೇ ಆ ವೈರ್. ಕೆಳಗಿನ ಬ್ಯಾಟರಿ ಮಾತ್ರ ಖಾಲಿಯಾಗುತ್ತೆ, ಚಾರ್ಜ್ ಆಗುವಾಗ ಮೇಲಿನದು ಅತಿಯಾಗಿ ಕುದಿಯುತ್ತೆ, ಕೆಳಗಿನದಕ್ಕೆ ಯಾವತ್ತೂ ಹೊಟ್ಟೆ ತುಂಬಲ್ಲ. ಎರಡೂ ಬೇಗ ಸಾಯುತ್ತವೆ. ಓನರ್ ಹೊಸ ಜೋಡಿ ತರುತ್ತಾರೆ, ಬ್ಯಾಟರಿ ಕಂಪನಿಗೆ ಬೈಯುತ್ತಾರೆ. 24ರಿಂದ 12 ಮಾಡುವ ಕನ್ವರ್ಟರ್ ಒಂದು ಹಾಕಿದರೆ ಮುಗಿಯಿತು. ಹೊಸಬರಿಗೆ ನಾನು ಹೇಳೋದು, ಹೊಸ ಬಂದರಿನಲ್ಲಿ ಮೊದಲು ಇದನ್ನೇ ಹುಡುಕಿ. ಖರ್ಚು ಕಮ್ಮಿ, ಫಲ ಒಂದೇ ವರ್ಷದಲ್ಲಿ ಓನರ್ ಕಣ್ಣಿಗೆ ಕಾಣುತ್ತೆ. ಆಮೇಲೆ ದಕ್ಕೆಯಲ್ಲಿ (ಬೋಟ್ ನಿಲ್ಲುವ ಕಟ್ಟೆ) ನಿಮ್ಮ ಹೆಸರನ್ನು ಅವರೇ ಹೇಳಿಕೊಂಡು ಬರುತ್ತಾರೆ.

ಇನ್ನೊಂದು, ನೇವಿ ಅಭ್ಯಾಸ. ಏನು ಕಂಡರೂ ಮೆಗ್ಗರ್, ಅಂದರೆ ಇನ್ಸುಲೇಷನ್ ಪರೀಕ್ಷಿಸುವ ಮೀಟರ್ ಹಚ್ಚೋದು. ಬೋಟಿನ ಡಿಸಿ ಲೈನಿನಲ್ಲಿ ಜಿಪಿಎಸ್, ಎಐಎಸ್ (ಬೋಟ್ ಎಲ್ಲಿದೆ ಅಂತ ಬೇರೆ ಹಡಗುಗಳಿಗೆ ತಿಳಿಸುವ ಸೆಟ್), ಫಿಶ್ ಫೈಂಡರ್ ಎಲ್ಲಾ ಅದೇ ವೈರಿಗೆ ಇರುತ್ತವೆ. ಕಳಚದೆ 500 ವೋಲ್ಟ್ ಮೆಗ್ಗರ್ ಒತ್ತಿದರೆ ನಿಮ್ಮ ಸೀಸನ್ನಿನ ದುಡಿಮೆ ಅಲ್ಲೇ ಹೋಯಿತು. ಈಗ ಉಪಗ್ರಹದ ಮೂಲಕ ಸಂದೇಶ ಕಳಿಸುವ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೂಡ ಬೋಟುಗಳಿಗೆ ಬರುತ್ತಿದೆ, ಅದಕ್ಕೂ ಸಪ್ಲೈ ಅಲ್ಲಿಂದಲೇ. ಡಿಸಿ ಅಳೆಯುವ ಒಳ್ಳೆ ಕ್ಲ್ಯಾಂಪ್ ಮೀಟರ್ ತಗೊಳ್ಳಿ. ಅಗ್ಗದ್ದು ಬರೀ ಎಸಿ ಅಳೆಯುತ್ತೆ, ನೋಡಿಕೊಂಡು ತಗೊಳ್ಳಿ.

ಚೆನ್ನೈ ಇಟಿಓ:
ಯಾರೂ ಹೇಳಿಲ್ಲ ಅಂತ ಹೇಳುತ್ತಿದ್ದೇನೆ. ಮರ್ಚೆಂಟ್ ನೇವಿಗೆ ಯಾಕೆ ಬರಬಾರದು? ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಅಂತ ಹುದ್ದೆ ಇದೆ, ಕೇಂದ್ರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ನ ಸರ್ಟಿಫಿಕೇಟ್ ಮಾಡಿಕೊಳ್ಳಬೇಕು. ಓದು, ಪರೀಕ್ಷೆ, ಕೋರ್ಸಿನ ಖರ್ಚು ಎಲ್ಲಾ ಇದೆ. ಆದರೆ ಸಂಬಳ ಡಾಲರಿನಲ್ಲಿ. ಬಂದರಿನಲ್ಲಿ ಬಾಕಿ ವಸೂಲಿ ಮಾಡಿಕೊಂಡು ತಿರುಗುವ ತಾಪತ್ರಯ ಇಲ್ಲ.

ಕುಮಟಾ ಕಡೆಯವ:
ಯೋಚಿಸಿದ್ದೆ ಸರ್. ಮಗಳು ಹುಟ್ಟಿದಾಗ ನಾನು ಸಮುದ್ರದಲ್ಲಿದ್ದೆ, ಈಗ ಅವಳು ಶಾಲೆಗೆ ಹೋಗುತ್ತಾಳೆ. ಮತ್ತೆ ಆರು ತಿಂಗಳು ಹಡಗು ಅಂದರೆ ಮನೆಯಲ್ಲಿ ಮಾತುಕತೆಯೇ ಆಗಲ್ಲ.

ಲೆಕ್ಕದ ಪುಸ್ತಕ:
ನಾನು ಮಂಗಳೂರಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು, ಬಂದರಿನ ಸಣ್ಣ ಗುತ್ತಿಗೆದಾರರ ಕೆಲಸವೇ ಜಾಸ್ತಿ. ಲೈಸೆನ್ಸ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅಲ್ವಾ?

ಬೋಟಿನೊಳಗಿನ 12, 24 ವೋಲ್ಟ್ ಕೆಲಸಕ್ಕೆ ಓನರ್ ಯಾರೂ ನಿಮ್ಮ ಕಾಗದ ಕೇಳಲ್ಲ. ಆದರೆ ದಡದ ಮೇಲೆ ಬಂದ ಕೂಡಲೇ ಕಥೆ ಬೇರೆ. ಐಸ್ ಪ್ಲಾಂಟ್, ಬಲೆ ಶೆಡ್ಡು, ಮೆಸ್ಕಾಂ ಅಥವಾ ಹೆಸ್ಕಾಂ ಮೀಟರಿನ ಈಚೆಯ ವೈರಿಂಗ್ ಎಲ್ಲಾ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇರುವವರ ಕೆಲಸ. ವೈರ್‌ಮನ್, ಸೂಪರ್‌ವೈಸರ್, ಕಂಟ್ರಾಕ್ಟರ್ ಅಂತ ಹಂತ ಉಂಟು. ನೇವಿ ಬಿಡೋ ಮೊದಲೇ ನಿಮ್ಮ ಟ್ರೇಡ್ ಸರ್ಟಿಫಿಕೇಟ್ ಹೊರಗಿನ ಓದಿಗೆ ಸಮ ಅನ್ನೋ ಸಮಾನತೆಯ ಕಾಗದ ತೆಗೆಸಿಕೊಳ್ಳಿ. ಹೊರಬಂದ ಮೇಲೆ ಅದಕ್ಕಾಗಿ ಪತ್ರ ಬರೆದು ಕಾಯುತ್ತಾ ಕೂತವರನ್ನು ನೋಡಿದ್ದೇನೆ.

ಜಿಎಸ್‌ಟಿ: ಸರ್ವೀಸ್ ಸೇರಿದ್ದರೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಕಡ್ಡಾಯ ಇಲ್ಲ. 40 ಲಕ್ಷ ಅಂತ ಯಾರಾದರೂ ಹೇಳಿದರೆ ಅದು ಬರೀ ಸಾಮಾನು ಮಾರುವವರಿಗೆ. ಬೋಟ್ ಓನರುಗಳ ಕೆಲಸ ಮಾತ್ರ ಮಾಡುತ್ತೀರಾದರೆ ಸುಮ್ನೆ ಅವಸರ ಪಟ್ಟು ನಂಬರ್ ತಗೊಳ್ಳಬೇಡಿ, ಆಮೇಲೆ ರಿಟರ್ನ್ ಹಾಕೋದೇ ಒಂದು ಉದ್ಯೋಗ ಆಗುತ್ತದೆ. ಹಡಗು ಕಟ್ಟುವ ಯಾರ್ಡುಗಳ ಸಬ್ ಕಂಟ್ರಾಕ್ಟ್ ಬೇಕು ಅಂದರೆ ಮಾತ್ರ ಬೇಕಾಗುತ್ತೆ, ಅವರು ನಂಬರ್ ಇಲ್ಲದೆ ಒಳಗೇ ಬಿಡಲ್ಲ.

ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ರಿಜಿಸ್ಟ್ರೇಷನ್ ಮಾತ್ರ ಮೊದಲ ದಿನವೇ ಮಾಡಿ. ದುಡ್ಡು ಖರ್ಚಿಲ್ಲ, ಆನ್‌ಲೈನ್. ನೀವು ಕಂಪನಿಗೆ ಕೆಲಸ ಮಾಡಿಕೊಟ್ಟು ಅವರು ಹಣ ಕೊಡದಿದ್ದರೆ, ಬರಹದ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನ, ಆಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಕೆಲಸ ಮುಗಿದ ಮೇಲೆ ರಿಜಿಸ್ಟರ್ ಮಾಡಿದರೆ ಹಳೇ ಬಿಲ್ಲಿಗೆ ಈ ಹಕ್ಕು ಕೇಳೋದು ಕಷ್ಟ.

ಹಳೆ ಚೀಫ್:
ಅಕ್ಕ ಹೇಳಿದ ಕಾನೂನು ಯಾರ್ಡಿಗೆ ಸರಿ. ಹೆಸರು ಬೇಡ, ಒಂದು ಕಡೆ ಮೇಲ್‌ಗುತ್ತಿಗೆದಾರ ನನ್ನ ಬಿಲ್ಲನ್ನು ಎರಡು ಚೌತಿ ದಾಟಿಸಿದ. ಉದ್ಯಮ್ ನಂಬರ್ ಹಾಕಿ ಒಂದು ನೋಟಿಸ್ ಕಳಿಸಿದ ಮೇಲೆ ಹಣ ಬಂತು.

ಆದರೆ ಬೋಟ್ ಓನರಿಗೆ ನೋಟಿಸ್ ಕಳಿಸೋಕಾಗಲ್ಲ. ನಾಳೆ ಅದೇ ದಕ್ಕೆಯಲ್ಲಿ ಓಡಾಡಬೇಕು. ರಜೆಯಲ್ಲಿ ಅವರ ಕೈಯಲ್ಲೂ ದುಡ್ಡಿರಲ್ಲ, ಇದು ಸುಳ್ಳಲ್ಲ. ಎರಡು ತಿಂಗಳು ಮೀನಿಲ್ಲ, ಖರ್ಚೆಲ್ಲ ಆಗಲೇ. ನಾನು ಮಾಡೋದು ಇಷ್ಟು: ಸಾಮಾನಿನ ದುಡ್ಡು ಮೊದಲೇ, ಓನರೇ ಅಂಗಡಿಗೆ ಕೊಡಬೇಕು, ನನ್ನ ಜೇಬಿನಿಂದ ವೈರ್ ತುದಿಗೆ ಹಾಕುವ ಒಂದು ಲಗ್ ಕೂಡ ಇಲ್ಲ. ನನ್ನ ಕೂಲಿ ಮಾತ್ರ ಆಗಸ್ಟಿನ ಮೊದಲ ಮೀನಿನವರೆಗೆ ಕಾಯುತ್ತದೆ. ಕೊಡದೆ ಸೀಸನ್ ದಾಟಿಸಿದವರಿಗೆ ಮುಂದಿನ ಜೂನಿನಲ್ಲಿ ನನ್ನ ಫೋನ್ ಸಿಗಲ್ಲ, ಅಷ್ಟೇ.

ರೇಟ್: ಗಂಟೆ ಲೆಕ್ಕ ಹೇಳಬೇಡಿ. ಹೊಸ ಬೋಟಿಗೆ ಪಾಯಿಂಟ್ ಲೆಕ್ಕವೋ ಗುತ್ತಿಗೆಯೋ ಮಾತಾಡಿ. ಫಾಲ್ಟ್ ಹುಡುಕುವ ಕೆಲಸಕ್ಕೆ ಬಂದು ನೋಡುವ ಚಾರ್ಜ್ ಬೇರೆ, ಸಿಕ್ಕಿದ ಮೇಲೆ ಮಾಡುವ ಚಾರ್ಜ್ ಬೇರೆ. ನೇವಿಯವರು ಇಲ್ಲೇ ಬೀಳುತ್ತಾರೆ. ಸಂಬಳ ತಿಂಗಳಿಗೆ ಬಂದು ಅಭ್ಯಾಸ, "ಬರೀ ಒಂದು ಸ್ಕ್ರೂ ಟೈಟ್ ಮಾಡಿದೆ, ಏನು ಕೇಳೋದು" ಅಂತ ಸಂಕೋಚ. ಯಾವ ಸ್ಕ್ರೂ ಅಂತ ಗೊತ್ತಿದ್ದದ್ದು ನಿಮಗೆ ತಾನೆ?

ಬೋಟ್ ಓನರ್ ಮಗ:
ಎಲ್ಲಾ ಓನರ್ ಹಾಗಲ್ಲ ಅಂತ ದಾಖಲೆಗೆ ಹೇಳಿ ಇಡ್ತೇನೆ 😅 ಮತ್ತೆ, ದೊಡ್ಡ ದುಡ್ಡು ಎಲ್ಲಿ ಉಂಟು ಅಂತ ಯಾರೂ ಬಾಯಿ ಬಿಡ್ತಾ ಇಲ್ಲ. ರಾತ್ರಿ ಬೆಳಕಿಗೆ ಮೀನು ಸೆಳೆಯುವ ಲೈಟ್ ಫಿಟ್ಟಿಂಗ್. ಜನರೇಟರ್ ಕೂರಿಸಿ ಎಲ್‌ಇಡಿ ಸಾಲು ಕಟ್ಟಿಕೊಟ್ಟರೆ ಒಂದೇ ಬೋಟಿನಲ್ಲಿ ಸಿಗೋದು ಬೇರೆ ಹತ್ತು ಬೋಟಿನಲ್ಲಿ ಸಿಗಲ್ಲ.

ಹಳೆ ಚೀಫ್:
ಬಾಯಿ ಬಿಡದೇ ಇದ್ದದ್ದಕ್ಕೆ ಕಾರಣ ಇದೆ. 2017ರ ನವೆಂಬರಿನಲ್ಲೇ ಕೇಂದ್ರ ಸರಕಾರ ಎಲ್‌ಇಡಿ ಮೀನುಗಾರಿಕೆ ನಿಷೇಧಿಸಿದೆ, ರಾಜ್ಯದಲ್ಲೂ ನಿಷೇಧ ಇದೆ. ಹಿಡಿದರೆ ಸಾಮಾನು ಜಪ್ತಿ. ನಾನು ಮಾಡಲ್ಲ. ನಾಡದೋಣಿಯವರು ಇದರ ವಿರುದ್ಧ ಎಷ್ಟು ಸಲ ರಸ್ತೆಗೆ ಬಂದಿದ್ದಾರೆ ನಿಮಗೂ ಗೊತ್ತು.

ಬೋಟ್ ಓನರ್ ಮಗ:
ಬೇರೆ ರಾಜ್ಯದ ಬೋಟುಗಳು ಹಾಕಿಕೊಂಡು ನಮ್ಮ ಎದುರೇ ಹಿಡೀತವೆ. ನಾವು ಮಾತ್ರ ಕತ್ತಲಲ್ಲಿ ಕೂರಬೇಕಾ? ಇದು ಇಲ್ಲಿನ ಚರ್ಚೆ ಅಲ್ಲ ಬಿಡಿ, ಆದರೆ ಬರೀ ಓನರುಗಳದ್ದೇ ತಪ್ಪು ಅನ್ನೋದು ಸರಿಯಲ್ಲ.

ಹಳೆ ಚೀಫ್:
ಅನ್ಯಾಯ ಅನ್ನಿಸೋದು ಸಹಜ. ನಾನು ಕೆಲಸದವನ ಕಡೆಯಿಂದ ಮಾತ್ರ ಹೇಳುತ್ತೇನೆ. ಕಾನೂನು ಬದಿಗಿಡಿ, ಆ ಫಿಟ್ಟಿಂಗೇ ಅಪಾಯ. ಉಪ್ಪುನೀರು ಹರಿಯುವ ಡೆಕ್ಕಿನ ಮೇಲೆ 230 ವೋಲ್ಟ್. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದ್ದೇವೆ, ಸೇಫ್ ಅಂತಾರೆ. ಜನರೇಟರಿನ ನ್ಯೂಟ್ರಲ್ಲನ್ನು ಎಲ್ಲೂ ಬೋಟಿನ ಬಾಡಿ ಜತೆ ಕಟ್ಟಿರಲ್ಲ, ಅಂಥದ್ದರಲ್ಲಿ ಮೊದಲ ಫಾಲ್ಟಿಗೆ ಆ ಆರ್‌ಸಿಸಿಬಿ ಬೀಳೋದೇ ಇಲ್ಲ, ಕರೆಂಟಿಗೆ ವಾಪಸ್ ದಾರಿ ಇಲ್ಲವಲ್ಲ. ಹಡಗಿನಲ್ಲೂ ನ್ಯೂಟ್ರಲ್ ಹಾಗೇ ಬಿಟ್ಟಿರುತ್ತಾರೆ, ಆದರೆ ಅಲ್ಲಿ ಫಾಲ್ಟ್ ತೋರಿಸೋಕೆ ಅರ್ತ್ ಲ್ಯಾಂಪ್ ಉಂಟು, ಒಂದು ಮಂಕಾದ ಕೂಡಲೇ ನಾವು ಟಾರ್ಚ್ ಹಿಡಿದು ಫಾಲ್ಟ್ ಹುಡುಕೋಕೆ ಓಡುತ್ತಿದ್ದೆವು. ಇಲ್ಲಿ ಮೊದಲ ಫಾಲ್ಟ್ ಗೊತ್ತೇ ಆಗಲ್ಲ, ಎರಡನೆಯದು ಯಾವನೋ ಕಲಾಸಿಯ ಕೈಯಲ್ಲಿ ಆಗುತ್ತೆ. ಫಿಟ್ ಮಾಡಿದ್ದು ಯಾರು ಅಂತ ಪೊಲೀಸರು ಕೇಳುವಾಗ ಓನರ್ ತೋರಿಸೋದು ನಿಮ್ಮನ್ನೇ.

ಅಗ್ನಿ 22:
ಚೀಫ್ ಸರ್, ಅಣ್ಣಂದಿರೆ, ನನ್ನದೂ ಒಂದು ಪ್ರಶ್ನೆ. ನಾನು 2022ರ ಕೊನೆಗೆ ಚಿಲ್ಕಾ ಸೇರಿದ ಅಗ್ನಿವೀರ್ ಮೊದಲ ಬ್ಯಾಚ್. ನಾಲ್ಕು ವರ್ಷ ಮುಗಿದು ಕಾಯಂ ಆಗದಿದ್ದರೆ ಇದೇ ಕೆಲಸ ಹಿಡಿಯೋಣ ಅಂತ. ಬಿಡುವಾಗ ಒಟ್ಟಿಗೆ ಕೊಡುವ ಸೇವಾ ನಿಧಿ ಹತ್ತಿರ ಹತ್ತಿರ 11.7 ಲಕ್ಷ ಬರುತ್ತದೆ. ಒಂದು ವ್ಯಾನ್, ಒಂದು ಅಂಗಡಿ, ಟೂಲ್ಸ್ ಹಾಕಿದರೆ ಆಗುತ್ತಾ?

ಹಳೆ ಚೀಫ್:
ತಮ್ಮಾ, ಬೇಡ. ಕುಮಟಾದವರದ್ದು ಬೇರೆ ಲೆಕ್ಕ, ನಿನ್ನದು ಬೇರೆ. ಅವರಿಗೆ ಪೆನ್ಷನ್ ಉಂಟು, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಉಂಟು, ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಆಸ್ಪತ್ರೆಗೆ ದಾರಿ ಇದೆ. ಎರಡು ಸೀಸನ್ ನಷ್ಟವಾದರೂ ತಡೆಯುತ್ತಾರೆ. ನಿನಗೆ ಎರಡೂ ಇಲ್ಲ, ಮಾಜಿ ಸೈನಿಕ ಅನ್ನೋ ಕಾರ್ಡೂ ಇಲ್ಲ. ಆ ದುಡ್ಡನ್ನು ಅಂಗಡಿ ಅಡ್ವಾನ್ಸಿಗೆ ಹಾಕಬೇಡ. ಈ ಕೆಲಸಕ್ಕೆ ಅಂಗಡಿ ಬೇಕಾಗಿಯೂ ಇಲ್ಲ, ಗಿರಾಕಿ ಇರೋದು ದಕ್ಕೆಯಲ್ಲಿ. ಒಂದು ಬೈಕು, ಒಂದು ಟೂಲ್ ಬಾಕ್ಸ್, ಒಳ್ಳೆ ಕ್ರಿಂಪಿಂಗ್ ಟೂಲ್ ಸಾಕು. ಅಗ್ಗದ ಕ್ರಿಂಪರ್ ಮಾತ್ರ ಬೇಡ.

ಮೊದಲು ಎರಡು ವರ್ಷ ಯಾರದ್ದಾದರೂ ಕೈಕೆಳಗೆ ಮಾಡು. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ, ಮುಂಚೆ ಟೆಬ್ಮಾ ಅಂತ ಇತ್ತು, 2020ರಲ್ಲಿ ಕೊಚ್ಚಿನ್‌ನವರು ತಗೊಂಡರು, ಅಲ್ಲಿ ಟಗ್ ಕಟ್ಟುತ್ತಾರೆ. ಅಂಥ ಕಡೆ ಕಂಟ್ರಾಕ್ಟರ್ ಜತೆ ಕೇಬಲ್ ಎಳೆದರೂ ಕೆಲಸದ ಶಿಸ್ತು, ಹಾಟ್ ವರ್ಕ್ ಪರ್ಮಿಟ್ (ವೆಲ್ಡಿಂಗಿನಂಥ ಬೆಂಕಿ ಕೆಲಸಕ್ಕೆ ಅನುಮತಿ), ಹಡಗಿನ ಗುಣಮಟ್ಟ ತಪಾಸಣೆ ಮಾಡುವ ಕ್ಲಾಸ್‌ನವರು ಬಂದು ಏನು ನೋಡುತ್ತಾರೆ ಅನ್ನೋದು ಗೊತ್ತಾಗುತ್ತೆ. ಅಷ್ಟರಲ್ಲಿ ವೈರ್‌ಮನ್ ಪರ್ಮಿಟ್ ಮಾಡಿಕೋ.

ಲೆಕ್ಕದ ಪುಸ್ತಕ:
ಅಗ್ನಿವೀರ್ ತಮ್ಮನಿಗೆ ಒಂದು ಸೇರಿಸುತ್ತೇನೆ. ಆ ದುಡ್ಡಿನಲ್ಲಿ ಮೊದಲು ಆರೋಗ್ಯ ವಿಮೆ, ಅಪಘಾತ ವಿಮೆ. ಆಮೇಲೆ ಟೂಲ್ಸ್. ಜತೆಗೆ ಒಬ್ಬ ಹುಡುಗನನ್ನು ಸಹಾಯಕ್ಕೆ ಇಟ್ಟುಕೊಂಡರೆ ಅವನಿಗೆ ಏಟಾದಾಗ ಪರಿಹಾರ ನಿಮ್ಮ ತಲೆಗೆ ಬರುತ್ತದೆ, ಇದು ಯಾರಿಗೂ ಮೊದಲು ನೆನಪಾಗಲ್ಲ.

ಗಲ್ಫ್ ವೈರಿಂಗ್:
ಮೀನಿನ ಹೋಲ್ಡ್ ವಿಷಯ ಯಾರೂ ಹೇಳಿಲ್ಲ. ಮುಚ್ಚಿಟ್ಟ ಹೋಲ್ಡಿನಲ್ಲಿ ಹಳೇ ಮೀನಿನ ನೀರು ಕೊಳೆತಿದ್ದರೆ ವಿಷಗಾಳಿ ತುಂಬಿರುತ್ತೆ. ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ ನೋಡೋಕೆ ಅಂತ ದಡಕ್ಕನೆ ಇಳಿಯಬೇಡಿ. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಹಾಯಿಸಿ, ಮೇಲೆ ಒಬ್ಬ ನಿಂತಿರಲಿ. ಒಳಗೆ ಬಿದ್ದವನನ್ನು ಎತ್ತೋಕೆ ಅಂತ ಹಿಂದೆಯೇ ಇಳಿದವನೂ ಸಾಯೋದು ಇಂಥಲ್ಲೇ.

ಕುಮಟಾ ಕಡೆಯವ:
ಎಲ್ಲರಿಗೂ ಋಣಿ. ರಿಲೀಸ್‌ಗೆ ಮುಂಚೆ ಸಮಾನತೆ ಕಾಗದ, ಆಮೇಲೆ ಉದ್ಯಮ್, ಜಿಎಸ್‌ಟಿ ಸದ್ಯಕ್ಕೆ ಬೇಡ. ಚೀಫ್, ಈ ಜೂನಿನಲ್ಲಿ ನನಗೆ ರಜೆ ಸಿಗುತ್ತೆ. ಮಲ್ಪೆಗೆ ಬಂದು ನಿಮ್ಮ ಜತೆ ನಿಂತು ನೋಡಬಹುದಾ? ಕೂಲಿ ಏನೂ ಬೇಡ. ಇನ್ನೊಂದು ಪ್ರಶ್ನೆ: ಕಬ್ಬಿಣದ ಬೋಟಿನಲ್ಲಿ ನೆಗೆಟಿವ್‌ಗೆ ಬಾಡಿಯನ್ನೇ ಬಳಸಿದ್ದು ನೋಡಿದೆ, ಅದನ್ನು ಹಾಗೇ ಬಿಡೋದಾ?

ಹಳೆ ಚೀಫ್:
ಬನ್ನಿ. ಮೊದಲ ವಾರ ಬೇಡ, ಬೋಟ್ ಮೇಲೆತ್ತುವ ಗಲಾಟೆ ಇರುತ್ತೆ, ಎರಡನೇ ವಾರ ಬನ್ನಿ. ಕೂಲಿ ತಗೊಳ್ಳಿ, ಪುಕ್ಕಟೆ ಕೆಲಸದವರು ಅಂತ ದಕ್ಕೆಯಲ್ಲಿ ಹೆಸರಾದರೆ ಆಮೇಲೆ ರೇಟ್ ಹೇಳೋಕಾಗಲ್ಲ.

ಬಾಡಿ ನೆಗೆಟಿವ್ ಹಾಗೇ ಬಿಡಬೇಡಿ. ಆ ಕರೆಂಟ್ ನೀರಿನ ಮೂಲಕ ದಾರಿ ಹುಡುಕಿಕೊಂಡರೆ ತುಕ್ಕು ತಡೆಯೋಕೆ ಹಾಕಿದ ಸತುವಿನ ಆನೋಡ್ ಬೇಗ ಕರಗುತ್ತೆ, ಅದು ಮುಗಿದ ಮೇಲೆ ತಗಡು, ಪ್ರೊಪೆಲ್ಲರ್ ಶಾಫ್ಟ್ ತಿನ್ನೋಕೆ ಶುರು. ಪ್ರತಿ ಲೋಡಿಗೂ ಎರಡು ವೈರ್ ಎಳೆಯಿರಿ, ಬೋಟಿನ ಬಾಡಿ ಜತೆ ಸಂಬಂಧ ಒಂದೇ ಜಾಗದಲ್ಲಿ. ಮರದ ಬೋಟಿನಲ್ಲಿ ಇದು ಬೇರೆ ಥರ ಕಾಟ ಕೊಡುತ್ತದೆ, ಬೋಲ್ಟಿನ ಸುತ್ತ ಮರವೇ ಮೆತ್ತಗಾಗುತ್ತೆ. ಬಂದಾಗ ತೋರಿಸುತ್ತೇನೆ, ಒಂದು ಹಳೇ ಬೋಟ್ ಮೇಲೆ ಎಳೆದಿಟ್ಟಿದೆ.

ರೈನ್‌ಕೋಟ್ ತನ್ನಿ. ನೇವಿ ಬೂಟ್ ಬೇಡ, ಏಣಿ ಹತ್ತುವಾಗ ಜಾರುತ್ತೆ.

ಅಗ್ನಿ 22:
ಸರ್, ನಾನೂ ಬರಬಹುದಾ?

ಹಳೆ ಚೀಫ್:
ರಜೆ ಸಿಕ್ಕರೆ ಬಾ ತಮ್ಮಾ. ಆದರೆ ಜುಲೈ ಕೊನೇ ವಾರ ಬಾ, ಆಗ ಗೊತ್ತಾಗುತ್ತೆ ಈ ಕೆಲಸ ನಿನಗೆ ಬೇಕೋ ಬೇಡವೋ ಅಂತ.